ಆಜಿಗೆ ತಾರೀಖು ಕಲಿಸಿದ ವರ್ಷ

ಕಾಗದ ಕಾರ್ಖಾನೆಯವರು ಕೆಲಸಗಾರರಿಗೆಂದು ಕಟ್ಟಿಸಿದ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ಅದರಾಚೆ ತಂತಿಬೇಲಿ, ಬೇಲಿಯಾಚೆ ಸಾಗವಾನಿ ಗಿಡಗಳು, ಅವುಗಳ ಹಿಂದೆಲ್ಲೋ ಕಾಳಿ ನದಿ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ದಾಂಡೇಲಿಯಲ್ಲಿ ಆಗ ಎಲ್ಲರೂ ಹೊಸಬರೇ. ಪಕ್ಕದ ಮನೆಯವರು ಯಾವ ಊರಿನವರು, ಒಳಗೆ ಯಾವ ಭಾಷೆ ಆಡುತ್ತಾರೆ ಎಂಬುದು ತಿಂಗಳುಗಟ್ಟಲೆ ತಿಳಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಂತೂ ಇದ್ದವರು ಮೂರೇ ಜನ, ಭಾಷೆ ಎರಡು, ದೇವರು ಎರಡು, ಊಟವೂ ಎರಡು. ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಮುಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಅದೇ ಹೊತ್ತಿಗೆ ನನ್ನ ತಾಯಿಯ ತಾಯಿ, ಆಜಿ, ಹಿತ್ತಲಲ್ಲಿ ಎಣ್ಣೆ ಡಬ್ಬಿಯೊಳಗೆ ನೆಟ್ಟ ತುಳಸಿಗೆ ನೀರೆರೆದು ಕೊಂಕಣಿಯಲ್ಲಿ ಏನೋ ಗುನುಗುತ್ತ ಸುತ್ತು ಹಾಕುತ್ತಿದ್ದಳು. ಇಬ್ಬರದೂ ಮುಗಿಯುವವರೆಗೆ ನಾನು ನಡುವಿನ ಬಾಗಿಲ ಹೊಸ್ತಿಲ ಮೇಲೆ ಕೂತಿರುತ್ತಿದ್ದೆ. ಮುಗಿದ ಮೇಲೂ ಅವರಿಬ್ಬರು ಮಾತಾಡುತ್ತಿದ್ದುದು ಕಡಿಮೆ. ಆಜಿ ತಾಟು ಇಟ್ಟು ಸರಿಯುತ್ತಿದ್ದಳು, ಅಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದ, ಕಾರ್ಖಾನೆಯ ಭೋಂಗಾ ಕೂಗಿದರೆ ಎದ್ದು ಹೋಗುತ್ತಿದ್ದ. ಬಿದಿರಿನ ಲಾರಿಗಳನ್ನು ಖಾಲಿ ಮಾಡಿಸುವ ಅಂಗಳದಲ್ಲಿ ಅವನು ಮುಕಾದಮನಾಗಿದ್ದ. ಹತ್ತಾರು ಆಳುಗಳ ಮೇಲೆ ದಿನವಿಡೀ ಕೂಗಾಡಿ ಬರುತ್ತಿದ್ದವನಿಗೆ ಮನೆಯಲ್ಲಿ ದನಿಯೇ ಇರುತ್ತಿರಲಿಲ್ಲ.

ಆಜಿಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅವಳದು ಅನ್ನದ ಸೀಮೆ. ಎಷ್ಟು ಬಿಸಿನೀರು ಹಾಕಿ ನಾದಿದರೂ ಅವಳ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಅಂಚಿನಲ್ಲಿ ಸೀಳುತ್ತಿತ್ತು. ಅಪ್ಪ ಆ ಚೂರುಗಳನ್ನೇ ಒಟ್ಟು ಮಾಡಿಕೊಂಡು ಉಂಡು ಏಳುತ್ತಿದ್ದ. ಒಂದು ದಿನವೂ ಚೆನ್ನಾಗಿಲ್ಲ ಎನ್ನಲಿಲ್ಲ, ಚೆನ್ನಾಗಿದೆ ಎಂದೂ ಅನ್ನಲಿಲ್ಲ. ಒಂದೇ ಒಂದು ಸಲ ಅವರಲ್ಲಿ ಜಗಳ ಎಂಬಂಥದ್ದು ಆಗಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಆಜಿ ಯಾರಿಂದಲೋ ಒಂದು ಹಿಡಿ ಒಣಸೀಗಡಿ ತಂದು, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಹುರಿಯುತ್ತಿದ್ದಳು. ಅಪ್ಪ ಅಂದು ಬೇಗ ಬಂದುಬಿಟ್ಟ. ಬಾಗಿಲಲ್ಲಿ ನಿಂತು, ಮೂಗಿಗೆ ರುಮಾಲು ಹಿಡಿದು, ಹಾಗೇ ಹೊರಟುಹೋದ. ನಾಲ್ಕು ದಿನ ಮನೆಯಲ್ಲಿ ಉಣ್ಣಲಿಲ್ಲ. ಆಜಿ ಮನೆಯ ಪಾತ್ರೆಗಳನ್ನೆಲ್ಲ ಬೂದಿ ಹಾಕಿ ಮತ್ತೆ ಮತ್ತೆ ತಿಕ್ಕಿದಳು. ಆ ಮೇಲೆ ನಮ್ಮ ಮನೆಗೆ ಮೀನು ಬರಲಿಲ್ಲ. ಸಂತೆಗೆ ಹೋದಾಗ ಮಾತ್ರ ಮೀನಿನ ಬುಟ್ಟಿಗಳ ಸಾಲಿನಿಂದ ತುಸು ದೂರದಲ್ಲಿ ಆಜಿ ಸುಮ್ಮನೆ ನಿಲ್ಲುತ್ತಿದ್ದಳು. ನಾನು ಸೆರಗು ಜಗ್ಗಿದರೆ ಹೊರಡುತ್ತಿದ್ದಳು.

ನಮ್ಮ ಮನೆಗೆ ಯಾರೂ ಬರುತ್ತಿರಲಿಲ್ಲ. ಅಪ್ಪನದು ಹಳಿಯಾಳದ ಹತ್ತಿರದ ಹಳ್ಳಿ, ಹೊಲಮನೆ ಇದ್ದ ಲಿಂಗಾಯತರ ಮನೆತನ. ಕಾಡಿನ ಕೆಲಸಕ್ಕೆಂದು ಗೋವೆಯ ಗಡಿಗೆ ಹತ್ತಿರದ ಜೊಯಿಡಾ ಕಡೆ ಹೋದವನು ಅಲ್ಲಿ ಗೋವೆಯ ಕೊಂಕಣಿ ಹುಡುಗಿಯೊಬ್ಬಳನ್ನು ಮದುವೆಯಾದನೆಂದು ಅವರು ಅವನ ಹೆಸರನ್ನೇ ಬಿಟ್ಟಿದ್ದರು. ಆ ಹುಡುಗಿಯೇ ನನ್ನ ಅವ್ವ, ಶೆವಂತಿ. ಅವ್ವನ ನೆನಪು ನನಗೆ ಇದ್ದದ್ದು ತೀರ ಸ್ವಲ್ಪ. ನಾವು ಕುಳಗಿಯಲ್ಲಿ ಕಟ್ಟಿಗೆ ಡಿಪೋದ ಹತ್ತಿರ ಇದ್ದಾಗ ಅವಳು ನನ್ನ ತಲೆ ಬಾಚುತ್ತ ಹಣಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದದ್ದು, ಅವಳ ಮಡಿಲು ದಿನೇದಿನೇ ಸಣ್ಣದಾಗಿ ನನಗೆ ಕೂಡಲು ಜಾಗ ಸಾಲದಾದದ್ದು, ಇಷ್ಟೇ. ನನಗೆ ನಾಲ್ಕು ವರ್ಷವಾಗಿದ್ದಾಗ ಒಂದು ದಿನ ಅವಳು ಮನೆಯಲ್ಲಿರಲಿಲ್ಲ. ಅಪ್ಪ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೇಳಿದ್ದ:

"ಅವ್ವ ತವರುಮನಿಗೆ ಹೋಗ್ಯಾಳವ್ವಾ. ಗೋವೆಕ್ಕ."

ಯಾವಾಗ ಬರುತ್ತಾಳೆ ಎಂದು ಕೇಳಿದಾಗಲೆಲ್ಲ ಅವನಿಗೆ ಉತ್ತರ ಸಿದ್ಧವಾಗಿ ಸಿಗುತ್ತಿತ್ತು, ಏಕೆಂದರೆ ಅದು ನಿಜವೇ ಆಗಿತ್ತು. ಗೋವೆ ಪೋರ್ತುಗೀಜರ ಕೈಯಲ್ಲಿತ್ತು. ಗಡಿ ಮುಚ್ಚಿದ್ದರು. ಆ ಕಡೆಯವರು ಈ ಕಡೆ ಬರುವಂತಿಲ್ಲ, ಈ ಕಡೆಯವರು ಆ ಕಡೆ ಹೋಗುವಂತಿಲ್ಲ. ಅದನ್ನು ಊರಿನವರೆಲ್ಲ ಮಾತಾಡುತ್ತಿದ್ದರು, ಶಾಲೆಯಲ್ಲಿ ಮಾಸ್ತರರೂ ಹೇಳುತ್ತಿದ್ದರು. ಹಾಗಾಗಿ ನನ್ನ ಅವ್ವ ಬಾರದಿರುವುದಕ್ಕೆ ಒಂದು ದೊಡ್ಡ ಸರ್ಕಾರವೇ ಕಾರಣವಾಗಿತ್ತು. ಆಜಿ ಮಾತ್ರ ಹೇಗೆ ಬಂದಳು ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಅವ್ವನ ವಿಷಯ ಎತ್ತಿದರೆ ಆಜಿ ಒಲೆ ಊದಲು ಹೋಗುತ್ತಿದ್ದಳು, ಒಲೆ ಚೆನ್ನಾಗಿ ಉರಿಯುತ್ತಿದ್ದರೂ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ, ಹೋಳಿ ಹುಣ್ಣಿಮೆ ಕಳೆದ ಮೇಲೆ, ಒಬ್ಬ ಪೊಲೀಸಪ್ಪ ಸೈಕಲ್ಲಿನ ಮೇಲೆ ಬಂದು ಸಾಲುಮನೆಗಳಲ್ಲಿ ಹೊರಗಿನವರು ಯಾರು ಯಾರಿದ್ದಾರೆಂದು ಬರೆದುಕೊಂಡ. ಆಜಿಯ ಊರು ಕೇಳಿದಾಗ ಅವಳು ಮುಚ್ಚಿಡದೆ ಹೇಳಿಬಿಟ್ಟಳು. ಅವಳ ಹತ್ತಿರ ಯಾವ ಕಾಗದವೂ ಇರಲಿಲ್ಲ. ಅವನೇನೂ ಗದರಲಿಲ್ಲ, ಅಪ್ಪನನ್ನು ಬದಿಗೆ ಕರೆದು, ಈ ದೇಶದ ಪ್ರಜೆ ಎಂದು ನೋಂದಣಿ ಮಾಡಿಸಿಕೊಳ್ಳಿರಿ, ಮುಂದೆ ತೊಂದರೆ ಬೇಡ ಎಂದು ಹೇಳಿ ಹೋದ. ಅಪ್ಪ ಅರ್ಜಿ ಬರೆಸಿ ಹಳಿಯಾಳಕ್ಕೆ ಕೊಟ್ಟುಬಂದ. ಆಮೇಲೆ ಕಾರ್ಖಾನೆಯಲ್ಲಿ ಯಾರೋ ಅವನ ತಲೆಯಲ್ಲಿ ಹುಳ ಬಿಟ್ಟರು. ಕಾರವಾರದಿಂದ ಸಾಹೇಬರು ಬರುತ್ತಾರೆ, ಎದುರಿಗೆ ನಿಲ್ಲಿಸಿ ದೇಶದ ಇತಿಹಾಸ ಕೇಳುತ್ತಾರೆ, ತಾರೀಖು ತಪ್ಪಿದರೆ ಅರ್ಜಿ ವಾಪಸ್ಸು ಎಂದು. ಅದು ಎಲ್ಲಿಯ ಸುದ್ದಿಯೋ, ಯಾರ ಅನುಭವವೋ ಗೊತ್ತಿಲ್ಲ. ಅಪ್ಪ ಎರಡನೇ ಇಯತ್ತೆಗೆ ಶಾಲೆ ಬಿಟ್ಟವನು. ಸಾಹೇಬರು ಏನಾದರೂ ಕೇಳಬಹುದು ಎಂದರೆ ನಂಬುವವನು. ಆ ಸಂಜೆ ನನ್ನನ್ನು ಕರೆದ.

"ಲೀಲಾ, ನಿನ್ನ ಸಾಲಿ ಪುಸ್ತಕದಾಗ ದೇಶದ ತಾರೀಖು ಅದಾವಲ್ಲ, ಅವನ್ನ ಆಜಿಗೆ ಬಾಯಿಪಾಠ ಮಾಡಸು."

"ಬರದಿದ್ರ ಏನ ಮಾಡ್ತಾರ?"

"ಹೊಳ್ಳಿ ಕಳಸ್ತಾರ."

ಅಪ್ಪನಿಗೆ ಆ ಮಾತು ಹೇಳುವಾಗ ಎಷ್ಟು ಹೆದರಿಕೆ ಇತ್ತೋ ಅಷ್ಟೇ ಬೇರೊಂದು ನನ್ನೊಳಗೆ ಎದ್ದು ನಿಂತಿತು. ಹೊಳ್ಳಿ ಕಳಿಸುವುದು ಎಲ್ಲಿಗೆ? ಗೋವೆಗೆ. ಗೋವೆಯಲ್ಲಿ ಇರುವವರು ಯಾರು? ಆಜಿಯನ್ನು ಕಳಿಸುವುದಾದರೆ ಅಷ್ಟು ವಯಸ್ಸಾದವಳನ್ನು ಒಬ್ಬಳನ್ನೇ ಕಳಿಸುತ್ತಾರೆಯೇ? ನಾನು ಕೈ ಹಿಡಿದುಕೊಂಡು ಜೊತೆಗೆ ಹೋಗಬಹುದಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮರುದಿನ ಶಾಲೆಯಿಂದ ಬಂದು, ಪಾಟಿ ತೊಡೆಯ ಮೇಲಿಟ್ಟುಕೊಂಡು, ನಾನು ಆಜಿಗೆ ತಪ್ಪು ತಾರೀಖುಗಳನ್ನು ಕಲಿಸಲು ಶುರುಮಾಡಿದೆ. ಸ್ವಾತಂತ್ರ್ಯ ಬಂದದ್ದು ಜುಲೈ ಹದಿನೈದಕ್ಕೆ. ಗಣರಾಜ್ಯವಾದದ್ದು ಮಾರ್ಚ್ ಇಪ್ಪತ್ತಾರಕ್ಕೆ. ಆಜಿ ಅಕ್ಕಿ ಆರಿಸುತ್ತ, ಹರಳು ಎಸೆಯುತ್ತ, ನಾನು ಹೇಳಿದ್ದನ್ನು ಹೇಳುತ್ತಿದ್ದಳು. ಓದು ಬರಹ ಇಲ್ಲದವಳು. ನನ್ನನ್ನು ಅನುಮಾನಿಸುವುದು ಅವಳಿಗೆ ಹೊಳೆಯಲೂ ಇಲ್ಲ. ಪಾಠ ಒಪ್ಪಿಸಿ, ಸರಿಯಾಯಿತೇ ಎಂದು ನನ್ನ ಮುಖ ನೋಡುತ್ತಿದ್ದಳು. ಸರಿ ಎಂದು ನಾನು ತಲೆಯಾಡಿಸುತ್ತಿದ್ದೆ.

ಹೀಗೆ ಎಂಟು ಹತ್ತು ದಿನ ನಡೆಯಿತು. ಒಂದು ಸಂಜೆ ಅಪ್ಪ ಕೈಕಾಲು ತೊಳೆದು ಬಂದು, ಅಪರೂಪಕ್ಕೆ ಅಡುಗೆಮನೆಯ ಬಾಗಿಲಿಗೆ ಕೂತು, ಎಲ್ಲಿ, ಅತ್ತಿ, ಏನೇನು ಕಲಿತಿರಿ ಹೇಳಿ ನೋಡೋಣ ಎಂದು ಕೇಳಿದ. ಆಜಿ ಸೆರಗು ಸರಿಮಾಡಿಕೊಂಡು, ಶಾಲೆಯ ಹುಡುಗಿಯ ಹಾಗೆ ನಿಂತು, ಮಾರ್ಚ್ ಇಪ್ಪತ್ತಾರು ಎಂದಳು. ಅಪ್ಪ ಜನವರಿ ಎಂದು ತಿದ್ದಿದ. ಆಜಿ ಜುಲೈ ಹದಿನೈದು ಎಂದಳು. ಅಪ್ಪ ಓದಿದವನಲ್ಲದಿದ್ದರೂ ಕಾರ್ಖಾನೆಯಲ್ಲಿ ಝಂಡಾ ಹಾರಿಸುವ ದಿನಗಳು ಅವನಿಗೆ ಗೊತ್ತಿದ್ದವು. ಮೆಲ್ಲಗೆ ನನ್ನ ಕಡೆ ತಿರುಗಿದ. ನಾನು ಪಾಟಿಯನ್ನು ಎದೆಗೆ ಒತ್ತಿಕೊಂಡಿದ್ದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಯಾಕ ಹಿಂಗ ಮಾಡಿದಿ?"

"ಆಜಿನ್ನ ಕಳಿಸಿದ್ರ ಕೂಡ ನಾನೂ ಹೋಗ್ತೇನಿ. ಅವ್ವನ ಕಡೆ."

ಅಪ್ಪನ ಮುಖ ನೋಡುತ್ತಿದ್ದ ಹಾಗೇ ಬೇರೆಯವರ ಮುಖವಾಯಿತು. ಬಾಯಿ ತೆರೆದ. ಈಗ ಏನೋ ಹೇಳುತ್ತಾನೆ ಎಂದು ನನಗೂ ಅನ್ನಿಸಿತು, ಆಜಿಗೂ ಅನ್ನಿಸಿರಬೇಕು, ಅವಳು ಗೋಡೆ ಹಿಡಿದುಕೊಂಡಳು. ಆದರೆ ಅವನು ಎದ್ದು, ಗೂಟಕ್ಕೆ ಹಾಕಿದ್ದ ಅಂಗಿ ತೊಟ್ಟುಕೊಂಡು ಹೊರಗೆ ಹೋದ. ಆಜಿ ನನ್ನ ಹತ್ತಿರ ಬಂದು ಕೂತಳು. ನನಗೆ ಅವಳೂ ಬೈಯಲಿಲ್ಲ. ತನ್ನ ಒರಟು ಅಂಗೈಯಿಂದ ನನ್ನ ಪಾಟಿಯ ಮೇಲಿನ ಬರಹವನ್ನು ಒರೆಸಿ, ಖಾಲಿ ಪಾಟಿಯನ್ನು ನನ್ನ ಕೈಗೆ ಕೊಟ್ಟು, ಈಗ ಖರೆ ಖರೆ ಹೇಳಿಕೊಡು ಎಂದಳು.

ಖರೆ ತಾರೀಖುಗಳು ಅವಳ ತಲೆಗೆ ಹತ್ತಲಿಲ್ಲ. ಸಾವಿರದ ಒಂಬೈನೂರು ಎಂಬುದನ್ನು ಹೇಳಿ ಮುಗಿಸುವುದರೊಳಗೆ ಅವಳಿಗೆ ಮುಂದಿನದು ಮರೆಯುತ್ತಿತ್ತು. ಇಸವಿಗಳನ್ನು ಒಂದಾದ ಮೇಲೊಂದು ಬರೆಯುತ್ತ ನಾನು ಸಿಟ್ಟಾಗುತ್ತಿದ್ದೆ. ಕೊನೆಗೆ ದಾರಿ ಹುಡುಕಿದವಳು ಅವಳೇ. ಉಪ್ಪಿನ ಸತ್ಯಾಗ್ರಹದ ಪಾಠ ಓದಿ ಹೇಳುತ್ತಿದ್ದೆ. ಉಪ್ಪು ಎಂದ ಕೂಡಲೆ ಅಕ್ಕಿಯ ಮೊರ ಕೆಳಗಿಟ್ಟಳು. ತಾನು ಬಸುರಿಯಾಗಿದ್ದ ವರ್ಷ ಜನ ಉಪ್ಪಿನ ಮಾತೇ ಆಡುತ್ತಿದ್ದರು, ತನಗೋ ಉಪ್ಪಿನಲ್ಲಿಟ್ಟ ಮಾವಿನಕಾಯಿಯ ಬಯಕೆ, ಅತ್ತೆ ಅದಕ್ಕೆ ನಗುತ್ತಿದ್ದಳು, ಅದರ ಮರುವರ್ಷವೇ ಶೆವಂತಿ ಹುಟ್ಟಿದ್ದು ಎಂದಳು. ಹಾಗೆ ಅವ್ವನ ಹುಟ್ಟು ನನಗೆ ಪುಸ್ತಕದ ಹಾಳೆಯಲ್ಲಿ ಸಿಕ್ಕಿತು. ಅಂದಿನಿಂದ ಆಜಿ ಇಸವಿ ಕೇಳುವುದನ್ನೇ ಬಿಟ್ಟಳು. ನಾನು ಯಾವುದಾದರೂ ತಾರೀಖು ಹೇಳಿದರೆ ಅವಳ ಪ್ರಶ್ನೆ ಒಂದೇ, ಆಗ ಶೆವಂತಿಗೆ ಎಷ್ಟಾಗಿತ್ತು? ನಾನು ಪಾಟಿಯ ಮೇಲೆ ಕಳೆದು ಹೇಳುತ್ತಿದ್ದೆ. ವಯಸ್ಸು ಹೇಳಿದರೆ ಸಾಕು, ಅವಳಿಗೆ ಎಲ್ಲ ನೆನಪಾಗುತ್ತಿತ್ತು.

ನಲವತ್ತೆರಡರ ಚಲೇಜಾವ್ ಚಳವಳಿ ಎಂದರೆ ಅವ್ವನಿಗೆ ಹನ್ನೊಂದು. ಗೋಡಂಬಿ ಗಿಡದಿಂದ ಬಿದ್ದು ಎಡಗೈ ಮುರಿದುಕೊಂಡದ್ದು ಆ ವರ್ಷ. ಕೈ ಕೂಡಿತು, ಆದರೆ ಪೂರ್ತಿ ನೆಟ್ಟಗಾಗಲಿಲ್ಲ. ನಲವತ್ತೇಳು ಎಂದರೆ ಹದಿನಾರು. ಅಜ್ಜ ಆಗಲೇ ತೀರಿಹೋಗಿದ್ದ. ಅವ್ವ ಜೊಯಿಡಾ ಕಡೆಯ ಸೋದರತ್ತೆಯ ಮನೆಗೆ ಬಂದವಳು ಅಲ್ಲಿ ಹದಿನೈದು ಆಗಸ್ಟಿನ ಮೆರವಣಿಗೆ ನೋಡಿ, ಒಂದು ಕಾಗದದ ಝಂಡಾ ಕುಪ್ಪಸದೊಳಗೆ ಬಚ್ಚಿಟ್ಟುಕೊಂಡು ಊರಿಗೆ ಮರಳಿದ್ದಳು. ಪೋರ್ತುಗೀಜರ ಪೊಲೀಸರು ಕಂಡರೆ ಗತಿಯೇನೆಂದು ಆಜಿ ಅದನ್ನು ಕಸಿದು ಒಲೆಗೆ ಹಾಕಿದಳು. ಎರಡು ದಿನ ಅವ್ವ ಮಾತಾಡಲಿಲ್ಲ. ಐವತ್ತರ ಜನವರಿ ಎಂದರೆ ಹತ್ತೊಂಬತ್ತು. ಸೋದರತ್ತೆಗೆ ಮೈಗೆ ಹುಷಾರಿಲ್ಲ ಎಂದು ಅವ್ವ ಮೇಲಿಂದ ಮೇಲೆ ಜೊಯಿಡಾಕ್ಕೆ ಹೋಗಲು ಶುರುಮಾಡಿದ್ದಳು. ಸೋದರತ್ತೆ ಗಟ್ಟಿಮುಟ್ಟಾಗಿಯೇ ಇದ್ದಳಂತೆ. ಅಲ್ಲಿ ಕಡಿದ ಮರಗಳ ಅಳತೆ ಬರೆಸುತ್ತಿದ್ದ ಹಳಿಯಾಳದ ಹುಡುಗನೊಬ್ಬನಿದ್ದ. ಇದನ್ನು ಹೇಳುವಾಗ ಆಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ನಕ್ಕಳು. ಅವಳು ನಕ್ಕದ್ದನ್ನು ನಾನು ಬಹುಶಃ ಅದೇ ಮೊದಲು ನೋಡಿದ್ದು. ಸಾವಿರದ ಎಂಟುನೂರಾ ಐವತ್ತೇಳನ್ನು ಮಾತ್ರ ಅವಳು ಕಲಿಯಲೇ ಇಲ್ಲ. ಶೆವಂತಿ ಇಲ್ಲದ ಕಾಲದ ಸುದ್ದಿ ತನಗೇಕೆ ಎಂದಳು.

ಆ ಬೇಸಿಗೆ ಮತ್ತು ಆ ಮಳೆಗಾಲ ನಾನು ಶಾಲೆಯಿಂದ ಓಡಿಬರುತ್ತಿದ್ದೆ. ಹೊರಗೆ ಸಾಲುಮನೆಗಳ ಹುಡುಗಿಯರು ಕುಂಟೋಬಿಲ್ಲೆ ಆಡುತ್ತಿದ್ದರು. ನನ್ನನ್ನು ಅವರು ಕರೆಯುತ್ತಿರಲಿಲ್ಲ, ಈಗ ನನಗೆ ಅದರ ಪರಿವೆಯೂ ಇರಲಿಲ್ಲ. ಒಳಗೆ ಒಲೆಯ ಮುಂದೆ ನನ್ನ ಅವ್ವ ಒಂದೊಂದೇ ವರ್ಷ ಬೆಳೆಯುತ್ತಿದ್ದಳು. ಐವತ್ತಾರಕ್ಕೆ ಬಂದೆವು. ಕನ್ನಡ ನಾಡು ಒಂದಾದ ವರ್ಷ, ನವೆಂಬರ್ ಒಂದು ಎಂದು ನಾನು ಹೇಳಿದೆ. ಅವ್ವನಿಗೆ ಇಪ್ಪತ್ತೈದು. ಆಜಿಗೆ ಹೇಳಲು ಏನೂ ಇರಲಿಲ್ಲ. ಆಗ ರಸ್ತೆ ಬಂದ್ ಆಗಿತ್ತು, ಶೆವಂತಿ ಈ ಕಡೆ, ತಾನು ಆ ಕಡೆ, ಸುದ್ದಿಯೇ ಇರಲಿಲ್ಲ ಎಂದಳು. ಪುಸ್ತಕದಲ್ಲಿ ಅದರ ಮುಂದೆ ತಾರೀಖು ಇರಲಿಲ್ಲ. ನಾನೇ ಪಾಟಿಯ ಮೇಲೆ ಅರವತ್ತೊಂದು ಬರೆದು, ಕಳೆದು, ಕೇಳಿದೆ.

"ಆಜಿ, ಹಂಗಾರ ಈಗ ಅವ್ವಗ ಮೂವತ್ತು ಆಗ್ಯಾವು. ಹೌದಲ್ಲ?"

ಆಜಿ ಪಾಟಿಯ ಮೇಲಿನ ಆ ಮೂವತ್ತನ್ನು ನೋಡುತ್ತ ಕೂತಳು. ಅವಳಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಆದರೂ ನೋಡಿದಳು. ಆಮೇಲೆ ಎದ್ದು ಒಲೆ ಊದಲು ಹೋದಳು. ಒಲೆಯಲ್ಲಿ ಅಂದು ಬೆಂಕಿಯೇ ಇರಲಿಲ್ಲ. ನನಗೆ ಅಂದೇ ಗೊತ್ತಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಾಗಲಿಲ್ಲ ಎಂದರೂ ಸುಳ್ಳಾಗುತ್ತದೆ. ಆ ದಿನದಿಂದ ನಾನು ಅವ್ವನ ವಯಸ್ಸು ಕೇಳಲಿಲ್ಲ.

ಮಳೆ ಕಡಿಮೆಯಾದ ಮೇಲೆ ಹಳಿಯಾಳದಿಂದ ಕರೆ ಬಂತು. ಆಜಿ ಟ್ರಂಕಿನಿಂದ ಹಸಿರು ಸೀರೆ ತೆಗೆದು ಉಟ್ಟಳು. ಅಪ್ಪ ಕೆಲಸಕ್ಕೆ ರಜೆ ಹಾಕಿದ. ತಾರೀಖು ಮರೆತರೆ ನೆನಪಿಸಲು ಬೇಕೆಂದು ನನ್ನನ್ನೂ ಕರೆದುಕೊಂಡರು. ಬಸ್ಸಿನಲ್ಲಿ ಆಜಿ ಕಿಟಕಿಯ ಹತ್ತಿರ ಕೂತು ತುಟಿ ಅಲುಗಿಸುತ್ತಲೇ ಇದ್ದಳು. ಹನ್ನೊಂದು, ಹದಿನಾರು, ಹತ್ತೊಂಬತ್ತು. ಹಳಿಯಾಳದಲ್ಲಿ ಇಳಿದಾಗ ಅಪ್ಪ ನಮ್ಮನ್ನು ಪೇಟೆಯ ದಾರಿಯಲ್ಲಿ ಕರೆದೊಯ್ಯದೆ ಹಿಂದಿನ ಓಣಿಗಳಲ್ಲಿ ಸುತ್ತಿಸಿ ಕರೆದೊಯ್ದ. ಹಾಗಿದ್ದೂ ಒಂದು ತಿರುವಿನಲ್ಲಿ, ಅಪ್ಪನಂಥದೇ ಮೂಗಿನ, ಹಳದಿ ರುಮಾಲಿನ ಹಿರಿಯನೊಬ್ಬ ಎದುರಾದ. ಅವನು ಅಪ್ಪನನ್ನು ನೋಡಿದ, ನನ್ನನ್ನು ನೋಡಿದ, ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಆಮೇಲೆ ದಾಟಿಕೊಂಡು ಹೋದ. ಯಾರು ಎಂದು ಕೇಳಿದೆ. ಅಪ್ಪ, ನಿನ್ನ ದೊಡ್ಡಪ್ಪ ಎಂದು ಹೇಳಿ ಹೆಜ್ಜೆ ಜೋರು ಮಾಡಿದ.

ಮಾಮಲೇದಾರರ ಕಚೇರಿಯ ಪಡಸಾಲೆಯಲ್ಲಿ ಮಧ್ಯಾಹ್ನದವರೆಗೆ ಕಾದೆವು. ಒಳಗೆ ಕರೆದಾಗ ಮೇಜಿನ ಹಿಂದೆ ಕನ್ನಡಕದ ಒಬ್ಬ ಸಾಹೇಬರು, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಸಾಹೇಬರು ಒಳ್ಳೆಯವರು, ದಣಿದಿದ್ದರು. ಆಜಿಗೆ ಕೂಡಲು ಹೇಳಿದರು. ಅವಳು ಕೂಡಲಿಲ್ಲ, ಕೈ ಮುಗಿದುಕೊಂಡೇ ನಿಂತಳು. ಹೆಸರು ಕೇಳಿದರು, ಊರು ಕೇಳಿದರು, ಗಂಡನ ಹೆಸರು ಕೇಳಿದರು. ಅದನ್ನು ಅಪ್ಪ ಹೇಳಿದ. ನಾನು ಅವಳ ಬೆನ್ನ ಹಿಂದೆ ನಿಂತು ಎಲ್ಲ ತಾರೀಖುಗಳನ್ನೂ ಸಿದ್ಧವಾಗಿ ಹಿಡಿದುಕೊಂಡಿದ್ದೆ. ದೇಶದ ಒಂದು ತಾರೀಖನ್ನೂ ಅವರು ಕೇಳಲಿಲ್ಲ. ಕಾಗದ ಮಗುಚಿ, ಮಾತಿನ ನಡುವೆ ಸಹಜವಾಗಿ ಕೇಳಿದರು:

"ನೀವು ಈ ಕಡೆ ಯಾವಾಗ ಬಂದ್ರಿ, ತಾಯಿ?"

ಆಜಿ ನನ್ನ ಕಡೆ ತಿರುಗಿದಳು. ಇದು ನಾನು ಕಲಿಸದ ತಾರೀಖಾಗಿತ್ತು. ಮತ್ತೆ ಸಾಹೇಬರ ಕಡೆ ತಿರುಗಿ, ತನಗೆ ಬರುವ ಕನ್ನಡದಲ್ಲಿ, ಒಂದೊಂದೇ ಮಾತು ಜೋಡಿಸಿ ಹೇಳಿದಳು.

"ನನ್ನ ಮಗಳು ತೀರಿಕೊಂಡ್ಲಲ್ರಿ, ಅದರ ಮೂರನೇ ದಿವಸ."

ಗುಮಾಸ್ತ ಲೇಖನಿ ಎತ್ತಿಕೊಂಡು ಹಾಗೆ ಬರೆಯಲು ಬರುವುದಿಲ್ಲ, ತಾರೀಖು ಬೇಕು ಎಂದ. ಅಪ್ಪ ನೆಲ ನೋಡುತ್ತ ಹೇಳಿದ. ದಿನ, ತಿಂಗಳು, ಇಸವಿ. ಎಲ್ಲಿಯೂ ತಡವರಿಸಲಿಲ್ಲ. ಆ ತಾರೀಖನ್ನು ನಾನು ಇಲ್ಲಿ ಬರೆಯುವುದಿಲ್ಲ. ಗುಮಾಸ್ತ ಅದಕ್ಕೆ ಎರಡು ದಿನ ಕೂಡಿಸಿ ಬರೆದುಕೊಂಡ. ನಾನೂ ಮನಸ್ಸಿನಲ್ಲೇ ಕೂಡಿಸಿದೆ, ಕಳೆದೆ. ಅಷ್ಟು ತಿಂಗಳು ಅದನ್ನೇ ಮಾಡಿ ರೂಢಿಯಾಗಿತ್ತು. ಇಪ್ಪತ್ತಾರು ಬಂತು. ಅವ್ವನಿಗೆ ಇಪ್ಪತ್ತಾರೇ. ಗೋಡೆಯ ಮೇಲೆ ಒಂದು ಹಲ್ಲಿ ಇತ್ತು. ಅದು ಎಲ್ಲಿಯೂ ಹೋಗದೆ ಅಲ್ಲೇ ಇರಲಿ ಎಂದು ನಾನು ಅದನ್ನೇ ನೋಡುತ್ತ ನಿಂತೆ. ಆಜಿಯಿಂದ ಏನೋ ಪ್ರಮಾಣ ಹೇಳಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಕಾಗದ ಟಪಾಲಿನಲ್ಲಿ ಬರುತ್ತದೆ ಎಂದು ಸಾಹೇಬರು ನಮ್ಮನ್ನು ಕಳಿಸಿಕೊಟ್ಟರು. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತು ಬಂದೆವು. ನಾನು ನಡುವೆ. ಯಾರೂ ಯಾರಿಗೂ ತಾಕದ ಹಾಗೆ ಹೇಗೆ ಕೂತಿದ್ದೆವೋ ಈಗ ತಿಳಿಯುತ್ತಿಲ್ಲ.

ಮರುದಿನ ಅಪ್ಪ ಕೆಲಸಕ್ಕೆ ಹೋದ ಮೇಲೆ ಆಜಿ ನನ್ನನ್ನು ಒಲೆಯ ಹತ್ತಿರ ಕರೆದಳು. ಕೊಂಕಣಿಯಲ್ಲೇ ಹೇಳಿದಳು, ಈ ವಿಷಯ ಹೇಳಲು ಅವಳ ಕನ್ನಡ ಸಾಲುತ್ತಿರಲಿಲ್ಲ. ಶೆವಂತಿ ಎರಡನೆಯ ಸಲ ಬಸುರಿ ಎಂಬ ಸುದ್ದಿ ಯಾರ ಬಾಯಿಂದಲೋ ಗಡಿ ದಾಟಿ ಅವಳಿಗೆ ಮುಟ್ಟಿತ್ತು. ಬಾಣಂತನಕ್ಕೆ ಬೇಕಾದ ಬೆಲ್ಲ, ಮೆಂತ್ಯ, ಅಳವಿ ಕಾಳು, ಒಣಶುಂಠಿ ಗಂಟು ಕಟ್ಟಿಕೊಂಡು, ಕಟ್ಟಿಗೆಗೆ ಹೋಗುವ ಹೆಂಗಸರ ಜೊತೆ ಕಾಡು ಹೊಕ್ಕು, ಪೊಲೀಸರ ಕಣ್ಣು ತಪ್ಪಿಸಿ, ಜಿಗಣೆ ಕಡಿಸಿಕೊಂಡು, ನಡೆದೇ ಬಂದಿದ್ದಳು. ಕುಳಗಿಯ ಮನೆ ಮುಟ್ಟಿದಾಗ ಎಲ್ಲ ಮುಗಿದು ಅಂದಿಗೆ ಮೂರನೇ ದಿನ. ಕೂಸೂ ಉಳಿದಿರಲಿಲ್ಲ. ಅಪ್ಪ ಮನೆಯಲ್ಲಿರಲಿಲ್ಲ. ಬಾಗಿಲಲ್ಲಿ ನಾನೊಬ್ಬಳೇ ಕೂತಿದ್ದೆ. ಅವಳನ್ನು ಅಂದೇ ಮೊದಲ ಸಲ ನೋಡಿದ್ದು ನಾನು. ನಿನ್ನ ಆಜಿ ನಾನು, ಅವ್ವ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ ನಾನು ಹೇಳಿದ್ದೆನಂತೆ, ಅವ್ವ ನಿಮ್ಮ ಮನೆಗೇ ಹೋಗಿದ್ದಾಳೆ ಎಂದು.

"ನಾನು ಆ ಮನೆಯಿಂದಲೇ ಬಂದವಳು, ಮಗೂ. ನಿನಗೆ ಏನಂತ ಹೇಳಲಿ? ಹೌದು, ಅಲ್ಲೇ ಇದ್ದಾಳೆ ಅಂದುಬಿಟ್ಟೆ."

ಅಪ್ಪ ಸುಳ್ಳು ಹೇಳಿದ್ದು ಒಮ್ಮೆ, ತಾನು ಹೇಳಿದ್ದು ಎರಡನೆಯದು, ಆಮೇಲೆ ಅದನ್ನು ಹಿಂತೆಗೆದುಕೊಳ್ಳುವ ಧೈರ್ಯ ಇಬ್ಬರಿಗೂ ಬರಲಿಲ್ಲ ಎಂದಳು. ಗಂಟಿನಲ್ಲಿ ತಂದ ಬೆಲ್ಲವನ್ನು ಏನು ಮಾಡುವುದೆಂದು ತಿಳಿಯದೆ ದಿನಾ ಸ್ವಲ್ಪ ಸ್ವಲ್ಪ ನನಗೇ ಕೊಟ್ಟು ಮುಗಿಸಿದಳಂತೆ. ನಾನು ಅಂದು ಅಳಲಿಲ್ಲ. ಅತ್ತದ್ದು ಬಹಳ ದಿನಗಳ ಮೇಲೆ, ಶಾಲೆಯಲ್ಲಿ, ಯಾವುದೋ ಲೆಕ್ಕ ತಪ್ಪಿದ್ದಕ್ಕೆ. ಮಾಸ್ತರರು ಅಷ್ಟು ಅಳುವಂಥದ್ದೇನಾಯಿತು ಎಂದು ಗಾಬರಿಯಾದರು.

ಆದರೆ ಅಪ್ಪನ ಜೊತೆ ನಾನು ಮಾತು ಬಿಟ್ಟೆ. ಆಜಿಯನ್ನು ಕ್ಷಮಿಸಲು ಸಾಧ್ಯವಾಯಿತು, ಅವಳು ನಡೆದು ಬಂದಿದ್ದಳು. ಅಪ್ಪನನ್ನು ಆಗಲಿಲ್ಲ. ಅವನು ಸಂಜೆ ಬಂದರೆ ನಾನು ಹಿತ್ತಲಿಗೆ ಹೋಗುತ್ತಿದ್ದೆ. ತಾಟು ಇಡುವುದನ್ನು ಆಜಿಗೆ ಬಿಡುತ್ತಿದ್ದೆ. ಒಮ್ಮೆ ಅವನು ನನಗೆ ಎರಡು ಹೊಸ ರಿಬ್ಬನ್ ತಂದು ಪುಸ್ತಕದ ಮೇಲಿಟ್ಟ. ನಾನು ಅವನ್ನು ಮುಟ್ಟದೆ ಪುಸ್ತಕವನ್ನಷ್ಟೇ ಎಳೆದುಕೊಂಡೆ. ರಿಬ್ಬನ್ನುಗಳು ಅಲ್ಲೇ ಬಿದ್ದಿದ್ದವು, ಕೊನೆಗೆ ಆಜಿ ಎತ್ತಿಟ್ಟಳು. ಮೂವರ ಮನೆಯಲ್ಲಿ ಮೊದಲೇ ಕಡಿಮೆ ಇದ್ದ ಮಾತು ಈಗ ಪೂರ್ತಿ ನಿಂತಂತಾಯಿತು. ಮನೆಯಲ್ಲಿ ಯಾರದಾದರೂ ದನಿ ಕೇಳುತ್ತಿತ್ತೆಂದರೆ ಬೆಳಗಿನ ಹೊತ್ತು ಅಪ್ಪನ ಮಂತ್ರ, ಆಜಿಯ ಗುನುಗು. ಒಂದು ಬೆಳಿಗ್ಗೆ ಅಪ್ಪ ಲಿಂಗಪೂಜೆ ಮುಗಿಸಿ ಏಳದೆ, ಗೋಡೆಯ ಕಡೆ ಮುಖ ಇಟ್ಟುಕೊಂಡೇ ಮಾತಾಡಿದ. ಹೊಸ್ತಿಲ ಮೇಲೆ ನಾನಿದ್ದೇನೆಂದು ಅವನಿಗೆ ಗೊತ್ತಿತ್ತು.

"ದಿನಾ ಹೇಳಬೇಕಂತ ಬರ್ತಿದ್ದೆ. ನೀ ಅವ್ವ ಯಾವಾಗ ಬರ್ತಾಳ ಅಂತ ಕೇಳ್ತಿದ್ದಿ. ನೀ ಕೇಳೂದು ಬಿಟ್ರ ಅಕಿನ್ನ ಕೇಳವ್ರ ಯಾರೂ ಉಳಿಯಂಗಿಲ್ಲ ಅನಸ್ತಿತ್ತು."

ಭೋಂಗಾ ಕೂಗಿತು, ಅವನು ಹೋದ.

ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾಯಿತು. ಸುದ್ದಿ ರೇಡಿಯೋದಲ್ಲಿ ಬಂದ ದಿನ ಸಾಲುಮನೆಗಳಲ್ಲಿ ಪೇಢೆ ಹಂಚಿದರು. ಶಾಲೆಯಲ್ಲಿ ಮಾಸ್ತರರು ಹತ್ತೊಂಬತ್ತು ಡಿಸೆಂಬರ್ ಅರವತ್ತೊಂದು ಎಂದು ಹಲಗೆಯ ಮೇಲೆ ಬರೆದು, ಇದು ಮುಂದೆ ನಿಮ್ಮ ಪುಸ್ತಕದಲ್ಲಿ ಬರುತ್ತದೆ, ಈಗಲೇ ನೆನಪಿಡಿ ಎಂದರು. ಆಜಿ ಪೇಢೆಯನ್ನು ಕೈಯಲ್ಲಿ ಹಿಡಿದುಕೊಂಡು, ಅಳುವುದೋ ನಗುವುದೋ ತಿಳಿಯದೆ ಕೂತಿದ್ದಳು. ಅವಳ ನೋಂದಣಿಯ ಕಾಗದ ಅದುವರೆಗೂ ಬಂದಿರಲಿಲ್ಲ. ಅಪ್ಪ ಹಳಿಯಾಳಕ್ಕೆ ಹೋಗಿ ವಿಚಾರಿಸಿದರೆ, ಇನ್ನು ಗೋವೆಯವರೂ ನಮ್ಮವರೇ ಆಗುತ್ತಾರೆ, ಚಿಂತೆ ಬಿಡಿರಿ ಎಂದರಂತೆ. ಈಗ ಅವಳು ತನ್ನೂರಿಗೆ ಹೋಗಬಹುದಾಗಿತ್ತು. ಅಪ್ಪನೇ ಬಾಯಿಬಿಟ್ಟು, ಹೋಗುವುದಿದ್ದರೆ ಮುಟ್ಟಿಸಿ ಬರುತ್ತೇನೆ ಎಂದ. ಲೀಲಾಳ ತಲೆ ಬಾಚುವವರು ಯಾರು ಎಂದು ಆಜಿ ಕೇಳಿದಳು. ಆ ಮಾತು ಅಲ್ಲಿಗೇ ಮುಗಿಯಿತು. ಮುಂದೆ ಹದಿನಾಲ್ಕು ವರ್ಷ, ತಾನು ಸಾಯುವವರೆಗೆ, ಅವಳು ನಮ್ಮಲ್ಲೇ ಇದ್ದಳು.

ಗಡಿ ತೆರೆದ ಕೆಲವು ದಿನಗಳಲ್ಲೇ ಆ ಕಡೆಯ ಜನ ಬರತೊಡಗಿದರು. ವರ್ಷಗಟ್ಟಲೆ ಮುಖ ಕಾಣದವರು, ಅಕ್ಕತಂಗಿಯರು, ಮಾವಂದಿರು. ಜೊಯಿಡಾ ಕಡೆಯ ಬಸ್ಸು ಸಂಜೆಗೆ ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ಒಂದು ದಿನ ನನ್ನ ಕಾಲು ಮನೆಯ ಕಡೆ ಹೋಗದೆ ಬಸ್ ನಿಲ್ದಾಣದ ಕಡೆ ಹೋಯಿತು. ನನಗೆ ಎಲ್ಲ ಗೊತ್ತಿತ್ತು. ಆ ತಾರೀಖು, ಆ ವಯಸ್ಸು, ಮೂರನೇ ದಿವಸ, ಎಲ್ಲ. ಆದರೂ ಹೋಗಿ ಆಲದ ಗಿಡದ ಹತ್ತಿರ ನಿಂತೆ. ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಜನ ಇಳಿಯತೊಡಗಿದರು. ಎಡಗೈ ತುಸು ಡೊಂಕಾಗಿರುವ ಹೆಂಗಸಿಗಾಗಿ ನಾನು ಒಬ್ಬೊಬ್ಬರನ್ನೇ ನೋಡಿದೆ.

ಅರ್ಧ ಜನ ಇಳಿದಿರಬೇಕು, ನನ್ನ ಹಿಂದೆ ಬಿದಿರಿನ ಹಸಿ ವಾಸನೆ ಬಂತು. ಅಪ್ಪ ನಿಂತಿದ್ದ. ಮನೆಯಲ್ಲಿ ನನ್ನನ್ನು ಕಾಣದೆ ಹುಡುಕಿಕೊಂಡು ಬಂದನೋ, ಯಾರಾದರೂ ಹೇಳಿದರೋ ತಿಳಿಯದು. ಯಾಕೆ ಬಂದೆ ಎಂದು ಅವನು ಕೇಳಲಿಲ್ಲ, ಮನೆಗೆ ನಡೆ ಎನ್ನಲೂ ಇಲ್ಲ. ನನ್ನ ಪಕ್ಕದಲ್ಲಿ ನಿಂತುಕೊಂಡ. ಬಸ್ಸಿನಿಂದ ಬುಟ್ಟಿ ಹೊತ್ತ ಮುದುಕಿ ಇಳಿದಳು, ಇಬ್ಬರು ಗಂಡಸರು ಇಳಿದರು, ಕೂಸನ್ನು ಎತ್ತಿಕೊಂಡ ಒಬ್ಬಳು ಇಳಿದಳು. ಕೊನೆಗೆ, ಒಳಗಿನ ಕತ್ತಲಲ್ಲಿ ಇನ್ನೂ ಒಂದು ಸೀರೆ ಕಂಡಿತು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ. ಹಿಮ್ಮಡಿ ಎತ್ತಿ, ಮುಂದಿದ್ದವರ ತಲೆಗಳ ಮೇಲಿಂದ, ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದ.

ಇಳಿದವಳು ಯಾರೋ ಬೇರೆಯವಳು. ಕಂಡಕ್ಟರ್ ಬಾಗಿಲು ಹಾಕಿ ಬಂದು, ಇನ್ನೂ ನಿಂತಿದ್ದ ನಮ್ಮಿಬ್ಬರನ್ನು ಕಂಡು ಕೇಳಿದ.

"ಯಾರ ಬರೋರಿದ್ರರೀ?"

"ಯಾರೂ ಇಲ್ರಿ," ಎಂದ ಅಪ್ಪ. "ಸುಮ್ನ ನೋಡಾಕ ಬಂದಿದ್ವಿ."

ಆಮೇಲೆ ಅವನು ಕೈ ಚಾಚಿದ. ನಾನು ಹಿಡಿದುಕೊಂಡೆ.